ಅವ್ವನ ಸರದಿ

ಮೂರು ವರ್ಷದಿಂದ ಇದೇ ಗುಡ್ಡ, ಇದೇ ಗುಂಡಿ, ಇದೇ ಕಂಬ. ಈ ಬೇಲಿ ಕೂಲಿ ತೋರ್‌ಬಾಜ್‌ಗೆ ಸಾಕುಸಾಕಾಗಿತ್ತು. ಈಚೆ ಪಾಕಿಸ್ತಾನವಂತೆ, ಆಚೆ ಅಫ್ಘಾನಿಸ್ತಾನವಂತೆ. ಆಚೆಯವರು ಈ ಗೆರೆಯನ್ನೇ ಒಪ್ಪುವುದಿಲ್ಲವಂತೆ. ಒಪ್ಪಲಿ ಬಿಡಲಿ, ಮುಳ್ಳುತಂತಿಯ ಬೇಲಿಯಂತೂ ಎದ್ದಿತ್ತು. ಹಳ್ಳದ ಹತ್ತಿರ ಎಂಟು ಮೊಳದ ಕಂಡಿಯೊಂದು ಉಳಿದಿತ್ತು, ಇವತ್ತು ಅದನ್ನೂ ಮುಚ್ಚಬೇಕು.

ಹಾಳಾದ್ದು, ಈಚೆ ಅವ್ವನ ಸರದಿ ಮುಗಿಯುವುದೂ ಇವತ್ತೇ ಆಗಬೇಕೆ! ಅಪ್ಪ ಸತ್ತಾಗಿನಿಂದ ಅವ್ವ ಝರ್ಘುನಾ ಆರು ತಿಂಗಳು ಈಚೆ ತೋರ್‌ಬಾಜ್‌ನ ಮನೆಯಲ್ಲಿ, ಆರು ತಿಂಗಳು ಆಚೆ ಅವನ ತಮ್ಮ ಸ್ಪಿನ್‌ಗುಲ್‌ನ ಮನೆಯಲ್ಲಿ. ಒಂದು ದಿನ ಹೆಚ್ಚಿಲ್ಲ, ಒಂದು ದಿನ ಕಡಿಮೆಯಿಲ್ಲ. ಇವತ್ತು ಅವಳು ಯಾವ ಕಡೆ ಉಳಿಯುತ್ತಾಳೋ, ಇನ್ನು ಸಾಯುವವರೆಗೂ ಅಲ್ಲೇ. ಅದನ್ನು ಹೇಳಲು ತೋರ್‌ಬಾಜ್‌ಗೆ ವಾರದಿಂದ ಬಾಯೇ ಬಂದಿರಲಿಲ್ಲ.

ಮುದುಕಿ ಗಂಟು ಹೊತ್ತು, ಏದುಸಿರು ಬಿಡುತ್ತಾ ಗುಡ್ಡ ಹತ್ತಿ ಬಂದಳು. ಕಂಡಿಯ ಆಚೆ ಸ್ಪಿನ್‌ಗುಲ್ ಕತ್ತೆ ಹಿಡಿದುಕೊಂಡು ಕಾಯುತ್ತಿದ್ದ.

“ಅವ್ವಾ, ಇವತ್ತು ಇದನ್ನ ಮುಚ್ತೀವಿ,” ತೋರ್‌ಬಾಜ್ ಕೊನೆಗೂ ಹೇಳಿದ. “ಆಚೆ ಹೋದ್ರೆ ಮತ್ತೆ ಬರಕ್ಕಾಗಲ್ಲ. ಹೋಗಬೇಡ.”

“ನಂಗೂ ಗೊತ್ತಾಯ್ತಣ್ಣಾ,” ಎಂದ ಸ್ಪಿನ್‌ಗುಲ್ ಆಚೆಯಿಂದ. “ನೀನೇ ಇಟ್ಕೋ. ಆಸ್ಪತ್ರೆ ಇರೋದು ನಿಮ್ಮ ಕಡೆನೇ. ನನ್ನ ಸರದಿ ಬಿಟ್ಟುಕೊಟ್ಟೆ.”

ತೋರ್‌ಬಾಜ್‌ಗೆ ಖುಷಿಯಾಯಿತು. ತಮ್ಮನ ಮುಖ ನೋಡಿ ನಾಚಿಕೆಯೂ ಆಯಿತು.

“ಏನ್ರೋ, ನನ್ನನ್ನೇನು ಮೇಕೆ ಅಂದ್ಕೊಂಡ್ರಾ, ಇಟ್ಕೋ, ಬಿಟ್ಟೆ ಅನ್ನೋಕೆ?” ಮುದುಕಿ ರೇಗಿದಳು. “ಇವತ್ತು ನಾನಿಲ್ಲಿ ನಿಂತ್ರೆ ಅವ್ವ ದೊಡ್ಡವನನ್ನ ಆರಿಸ್ಕೊಂಡ್ಳು ಅಂತಾಗತ್ತೆ. ಹೆತ್ತ ಹೊಟ್ಟೆ ಕಣ್ರೋ, ನನ್ನ ಕೈಲಿ ಆರ್ಸಕ್ಕಾಗಲ್ಲ. ಸರದಿ ಯಾರದೋ ಅವನ ಮನೆಗೆ ಹೋಗ್ತೀನಿ, ಅಷ್ಟೇ.”

ದೊಡ್ಡ ಮಗನ ತಲೆ ಸವರಿ, ಗಂಟು ಎತ್ತಿಕೊಂಡು ಕಂಡಿ ದಾಟಿಬಿಟ್ಟಳು.

“ಮುಗೀತೇನಯ್ಯಾ ನಿಮ್ಮ ಸಂಸಾರದ ಪಂಚಾಯ್ತಿ?” ಮೇಸ್ತ್ರಿ ಕೂಗಿದ. “ಕಂಬ ನಿಲ್ಸು, ಹೊತ್ತಾಯ್ತು!”

ತೋರ್‌ಬಾಜ್ ಕಂಬವನ್ನು ಗುಂಡಿಗೆ ಇಳಿಸಿದ. ಕಂಬ ವಾಲಿತು. ಎತ್ತಿ ನಿಲ್ಲಿಸಿದರೆ ಮತ್ತೆ ವಾಲಿತು. ಮೂರು ವರ್ಷದಲ್ಲಿ ಸಾವಿರ ಕಂಬ ನೆಟ್ಟವನಿಗೆ ಇದೊಂದನ್ನು ನಿಲ್ಲಿಸಲಾಗಲಿಲ್ಲ. ಮೇಸ್ತ್ರಿ ಬಾಯಿಗೆ ಬಂದಂತೆ ಬೈಯತೊಡಗಿದ.

ಕತ್ತೆಯ ಹತ್ತಿರ ಹೋಗಿದ್ದ ಅವ್ವ ಗಂಟು ಕೆಳಗಿಟ್ಟು ವಾಪಸ್ಸು ಬಂದಳು. ಆಚೆಯಿಂದಲೇ ಎರಡೂ ಕೈಯಲ್ಲಿ ಕಂಬವನ್ನು ನೆಟ್ಟಗೆ ಹಿಡಿದಳು.

“ಬೈಸ್ಕೋಬೇಡ ಮಗಾ. ನಾನು ಹಿಡ್ಕೊಂಡಿದ್ದೀನಿ, ನೀನು ಕಾಂಕ್ರೀಟು ಸುರಿ.”

ಅವನು ಸುರಿದ.