ಗುಡ್ಡವ್ವನ ಮಲ್ಲಿಗೆ

ಮೊಗ್ಗು — ಅಲ್ಲ, ಇಬ್ಬನಿ. ಬೆರಳು ತಾಗಿದ್ದೇ ತಡ ಒಡೆದು ಉಗುರಿನೊಳಗೆ ಇಳಿದುಹೋಯಿತು, ತಣ್ಣಗೆ, ಹೊಳೆಯಪ್ಪ ಬೆರಳನ್ನು ಧೋತರಕ್ಕೆ ಒರೆಸಿಕೊಂಡು ಮತ್ತೆ ಎಲೆ ಸರಿಸಿದ, ಎಲೆ, ಎಲೆಯ ಕೆಳಗೆ ಎಲೆ, ಎಣ್ಣೆ ಸವರಿದಂಥ ಹಸಿರು, ಮಾಘ ಮುಗಿಯುತ್ತ ಬಂತು, ಗುಡ್ಡದ ಮೇಲಿನ ಈ ಗುಡಿತೋಟದಲ್ಲಿ ಉಳಿದ ಗಿಡಗಳೆಲ್ಲ ಅಕ್ಕಿಕಾಳಿನಷ್ಟು ಮೊಗ್ಗು ಹಿಡಿದು ನಿಂತಿವೆ, ಇದೊಂದೇ, ಬಾವಿಯ ಮಗ್ಗುಲಿನ ಇದೊಂದೇ, ಮಗಳು ಗುಡ್ಡವ್ವ ಹತ್ತು ವರ್ಷದವಳಿದ್ದಾಗ ತನ್ನ ಕೈಯಾರೆ ಊರಿದ ಗಿಡ, ಎಲೆ ಬಿಟ್ಟು ಮತ್ತೇನೂ ಹಡೆಯದೆ ನಿಂತಿದೆ — ಹಡೆಯದೆ, ಎಂಥ ಮಾತು ಬಂತು ಬಾಯಿಗೆ, ಶಿವನೇ. ಕೆಳಗೆ ಧಾರವಾಡದ ಹಂಚುಗಳ ಮೇಲೆ ಹೊಗೆಯೂ ಮಂಜೂ ಕೂಡಿ ಕುಳಿತಿವೆ, ಬಿಸಿಲು ಇನ್ನೂ ಗುಡ್ಡ ಹತ್ತಿಲ್ಲ, ಬಿಸಿಲು ಹತ್ತಿದ ಮೇಲೆ ಹಿಂದೆಯೇ ಹೆಂಡತಿ ಶೇವಂತೆವ್ವ ಹತ್ತಿ ಬರುತ್ತಾಳೆ, ಮಗಳ ಕೂಸನ್ನು ಬಗಲಿಗೆ ಹಾಕಿಕೊಂಡು, ನಿನ್ನೆಯೇ ಹೇಳಿದಳು, ದಿನಾ ಕೇಳಿದರ ದಿನಾ ಇನ್ನಾ ಇಲ್ಲ ಇನ್ನಾ ಇಲ್ಲ ಅಂತೀರಿ, ಗಿಡಕ್ಕೂ ನಿಮಗೂ ಏನ ಮಸಲತ್ತ ನಡದೈತೋ ನಾನ ಬಂದು ನೋಡ್ತೇನಿ. ನಾಲ್ಕು ತಿಂಗಳಾಯಿತು, ಕೂಸಿಗೆ ಇನ್ನೂ ಹೆಸರಿಲ್ಲ. ಮಗಳನ್ನು ಮಣ್ಣು ಮಾಡಿ ಬಂದ ದಿನವೇ ಹೆಂಡತಿ ಒಲೆಯ ಮುಂದೆ ಕುಳಿತು ಅಂದಿದ್ದಳು, ಆಕೀ ಗಿಡದ ಹೂವ ತೊಟ್ಟಲಕ್ಕ ಕಟ್ಟಿ ಹೆಸರ ಇಡೂಣ್ರಿ, ಅಲ್ಲೀತನಕಾ ಕೂಸು ಅಂತನ ಕರಿಯೂಣು. ಹೂವ ಬಿಡಲಿಲ್ಲಂದ್ರ? ಅವನೇ ಕೇಳಿದ್ದ, ಯಾಕಾದರೂ ಕೇಳಿದನೋ, ಬಿಡಲಿಲ್ಲಂದ್ರ ಆಕೀಗೆ ನಮ್ಮ ಮ್ಯಾಲ ಸಿಟ್ಟೈತಿ ಅಂತ ತಿಳೀತೇನಿ, ಅಂದಳು, ಕಣ್ಣಲ್ಲಿ ನೀರೂ ಇರಲಿಲ್ಲ ಆಗ, ಬೂದಿಯಲ್ಲಿ ಬೆರಳಾಡಿಸುತ್ತಿದ್ದಳು. ನಮ್ಮ ಮೇಲೆ ಅಂದಳು. ನಮ್ಮ. ಯಾರ ಮೇಲೆ ಎಂದು ಅವನಿಗೆ ಗೊತ್ತು.

ಮಲ್ಲಿಗೆಯ ಕೆಲಸವೇ ಹಾಗೆ, ಅಪ್ಪನಿಂದ ಕಲಿತದ್ದು, ಅಪ್ಪ ಅವನ ಅಪ್ಪನಿಂದ, ಮಾರ್ಗಶಿರದಲ್ಲಿ ಕೊಂಬೆ ಸವರಬೇಕು, ಎಲೆ ತರಿಯಬೇಕು, ಆಮೇಲೆ ನೀರು ನಿಲ್ಲಿಸಬೇಕು, ಪಾತಿ ಒಣಗಿ ಬಿರಿಯುವ ತನಕ, ಗಿಡ ಸತ್ತೇ ಹೋಯಿತೇನೋ ಅನ್ನುವ ತನಕ, ಆಗ ಕೊಟ್ಟ ನೀರು ಹೂವಾಗುತ್ತದೆ, ನಡುವೆ ಮರುಕಪಟ್ಟು ಹೊಯ್ದ ನೀರು ಬರೀ ಎಲೆ. ಮೂವತ್ತು ವರ್ಷ ಹಾಗೆಯೇ ಮಾಡಿದ. ಈ ಸಲವೂ ಎಲ್ಲಕ್ಕೂ ನಿಲ್ಲಿಸಿದ, ಇದಕ್ಕೂ ನಿಲ್ಲಿಸಿದ, ಎಂಟನೆಯ ದಿನ ಥಂಡಿಗಾಳಿಯಲ್ಲಿ ಕಂಬಳಿ ಹೊದ್ದು ಬಂದು ನೋಡಿದರೆ ಪಾತಿಯ ಮಣ್ಣು ಬಿರಿದಿತ್ತು, ತುಟಿ ಬಿರಿದ ಹಾಗೆ, ಅಪ್ಪಾ, ಒಂದು ಗುಟುಕು — ಕಂಬಳಿ ಎಲ್ಲಿ ಬಿತ್ತೋ ತಿಳಿಯದು, ಬಾವಿಗೆ ಕೊಡ ಇಳಿಬಿಟ್ಟು ಎಳೆದೆಳೆದು ಸುರಿದ, ಕುಡಿಯವ್ವಾ, ಇನ್ನಷ್ಟು ಕುಡಿ, ಸಾಕೇನು, ಇನ್ನಷ್ಟು, ಮರುದಿನವೂ, ಅದರ ಮರುದಿನವೂ, ಸುರಿಯುವಾಗಲೇ ಕೈಗೆ ಗೊತ್ತಿತ್ತು ಹೂವನ್ನು ಕೊಲ್ಲುತ್ತಿದ್ದೇನೆಂದು, ಆದರೂ ಆ ಕೈಯೇ ಸುರಿಯಿತು. ಹೋದ ವಾರ ಹುಬ್ಬಳ್ಳಿಯ ಹೂವಿನ ಗುಲಾಬಸಾಬ ಮೊಗ್ಗು ನೋಡಿಹೋಗಲು ಬಂದವನು ಇದರ ಮುಂದೆ ನಿಂತು ನಕ್ಕ, ಏನಪಾ ಹೊಳೆಯಪ್ಪಣ್ಣಾ, ಎಲ್ಲಾರಿಗೂ ತಲಿ ಬೋಳಿಸಿ ಉಪಾಸ ಕೆಡವೀದಿ, ಇದೊಂದನ್ನ ಯಾಕ ಹೊಸ ಅಳಿಯನ್ಹಂಗ ಉಣಿಸೀದಿ, ನಾಳಿಂದ ನಾನೂ ಎಲೀ ವ್ಯಾಪಾರಾ ಸುರು ಮಾಡ್ಲ್ಯಾ? ಅಂದವನು ಅವನ ಮೋರೆ ನೋಡಿ ಟೋಪಿ ತೆಗೆದು ಸುಮ್ಮನೆ ಗಿಡವನ್ನೊಮ್ಮೆ ಸವರಿ ಇಳಿದುಹೋದ. ಒಳ್ಳೆಯ ಮನುಷ್ಯ. ಬೈದಿದ್ದರೆ ಚೆನ್ನಾಗಿತ್ತು.

ಕಾರ್ತಿಕದಲ್ಲಿ, ಚೀನಾದವರ ಲಡಾಯಿ ನಡೆದು ಊರೊಳಗೆ ಸಿಪಾಯಿಗಳಿಗೆಂದು ಕಂಬಳಿ ಕೂಡಿಸುತ್ತಿದ್ದ ದಿನಗಳು, ಬ್ಯಾಂಡಿನವರು ಬಾರಿಸುತ್ತ ಬೀದಿಗುಂಟ ಹೊರಟಿದ್ದರು, ಆ ಸದ್ದು ಗುಡ್ಡದ ಬುಡದ ಅವನ ಮನೆಯ ಕೋಣೆಗೂ ಬರುತ್ತಿತ್ತು, ಶಿರಗುಪ್ಪಿಯ ಗಂಡನ ಮನೆಯಿಂದ ಚೊಚ್ಚಲಿಗೆಂದು ಬಂದ ಮಗಳು ಹಡೆದು ಮೂರು ದಿನ, ಮೈ ಕೆಂಡ. ಸೂಲಗಿತ್ತಿ ದುರಗವ್ವ ಹೇಳಿ ಹೋಗಿದ್ದಳು, ಹಸೀ ಬಾಣಂತಿ, ಒಳಗ ಒಂದ ಹನಿ ನೀರ ಹೋಗಬಾರದ್ರಿ, ಸನ್ನಿ ಏರತೈತಿ, ಭಾಳ ಚಡಪಡಿಸಿದರ ಅರಬೀ ತೊಯಿಸಿ ತುಟೀಗೆ ಒತ್ರಿ. ದುರಗವ್ವ ಊರ ಅರ್ಧ ಮಂದಿಯನ್ನು ಭೂಮಿಗಿಳಿಸಿದವಳು, ಅವಳ ಮಾತು ಮೀರುವವರು ಯಾರು, ಶೇವಂತೆವ್ವ ಕಷಾಯದ ಬೇರು ತರಲು ಓಡಿದ್ದಳು, ಕೋಣೆಯಲ್ಲಿ ಅವನೊಬ್ಬ, ಮಗಳು, ಅರಿವೆಯಲ್ಲಿ ಸುತ್ತಿದ ಕೂಸು. ಅಪ್ಪಾ, ಒಂದು ಗುಟುಕು. ತಾಳವ್ವಾ. ಅಪ್ಪಾ, ನಾಲಿಗಿ ಅಂಟಾಕತ್ತೈತಿ. ನಾಳಿಗೆ ಕೊಡ್ತೇನಿ, ತಾಳು ನನ್ನವ್ವಾ. ತಲೆದೆಸೆಯ ಗೂಡಿನಲ್ಲಿ ತಾಮ್ರದ ತಂಬಿಗೆ ಇತ್ತು, ಅವಳ ಕೈ ಎದ್ದಿತು, ಗೋಡೆ ಹಿಡಿದು ಮೇಲಕ್ಕೆ ಹರಿಯಿತು, ಆಗ ಅವನು — ಅಲ್ಲ, ಅದು ಬೇಡ — ಸಂಜೆಯ ಹೊತ್ತಿಗೆ ಮಗಳು ಮತ್ತೆ ಕೇಳಲಿಲ್ಲ, ಏನನ್ನೂ ಕೇಳಲಿಲ್ಲ. ಇಂದು ಬೆಳಿಗ್ಗೆಯೂ ಎದ್ದವನೇ ಗುಡಿಯ ಲಿಂಗದ ಮೇಲೆ ತುಂಬಿದ ತಂಬಿಗೆ ಸುರಿದು ಬಂದ, ಬೇಡದ ಕಲ್ಲಿಗೆ ಸುರಿದ, ಸ್ವಾಮಿ, ನಿನಗೆ ಯಾವಾಗ ನೀರಡಿಸಿತ್ತು? ಬಾಯಾರಿದ ಗಿಡಗಳೆಲ್ಲ ಮೊಗ್ಗು ಹಿಡಿದವು, ಹಾಗಾದರೆ ದುರಗವ್ವ ಹೇಳಿದ್ದು ಖರೆಯೇ, ಇನ್ನೊಂದು ದಿನ ತಡೆದಿದ್ದರೆ ಮಗಳೂ — ಇಲ್ಲ, ಗಿಡ ಗಿಡ, ಮಗಳು ಮಗಳು, ಅಷ್ಟು ತಿಳಿಯದೆ ಹೋಯಿತೇ ಈ ಬೋಳು ತಲೆಗೆ.

ಕೆಳಗಿನ ತಿರುವಿನಲ್ಲಿ ಸೀರೆಯ ಹಸಿರು ಕಂಡಿತು, ಬಂದಳು, ಶಿವನೇ, ಒಂದು ಮೊಗ್ಗು, ಒಂದೇ ಒಂದು, ಹೊಳೆಯಪ್ಪ ಪಕ್ಕದ ಸಾಲಿಗೆ ಓಡಿ ಮೊಗ್ಗಿದ್ದ ಕಡ್ಡಿಯೊಂದನ್ನು ಮುರಿದು ತಂದ, ಮಗಳ ಗಿಡದ ಕವಲಿನಲ್ಲಿ ಸಿಗಿಸಿದ, ನಿಲ್ಲಲಿಲ್ಲ, ಧೋತರದ ಎಳೆ ಕಿತ್ತು ಕಟ್ಟಹೋದ, ಬೆರಳು ಕೇಳವು, ಗಂಟು ಬೀಳದು, ಅರವತ್ತು ವರ್ಷದ ಮುದುಕ ಗಿಡಕ್ಕೆ ಸುಳ್ಳು ಕಟ್ಟುತ್ತ ಕುಳಿತಿದ್ದಾನೆ, ಏದುಸಿರು ಹತ್ತಿರವಾಯಿತು, ಅವ್ವಯ್ಯಾ, ಈ ಗುಡ್ಡಾ ಪ್ರತಿ ವರ್ಷ ಬೆಳ್ಯಾಕತ್ತೈತೇನ್ರಿ, ಅಂದಳು ಶೇವಂತೆವ್ವ, ಕೂಸು ಅವಳ ಬಗಲಲ್ಲಿ ಕೈ ಚೀಪುತ್ತಿತ್ತು. ಗಿಡ ನೋಡಿದಳು. ನೆಲಕ್ಕೆ ಬಿದ್ದ ಕಡ್ಡಿ ನೋಡಿದಳು. ಕೂಸನ್ನು ಅವನ ತೊಡೆಗೆ ಕೊಟ್ಟು, ಕುಕ್ಕರುಗಾಲಿನಲ್ಲಿ ಕುಳಿತು, ಪಾತಿಯ ಮಣ್ಣೊಳಗೆ ಐದೂ ಬೆರಳು ಊರಿದಳು, ತೆಗೆದು ಮುಂದೆ ಹಿಡಿದಳು, ಕೆಸರು. ನೀರ ಹಾಕೀರಿ. ಹೂಗಾರರ ಮನೀಗೆ ಬಂದು ನಲವತ್ತ ವರ್ಷಾತು, ನನಗ ತಿಳಿಯೂದಿಲ್ಲೇನ್ರಿ, ಥಂಡ್ಯಾಗೆಲ್ಲಾ ಹಾಕೀರಿ, ಯಾಕ ಹಾಕಿದಿರಿ? ಕೇಳತಿತ್ತು, ಅಂದ ಹೊಳೆಯಪ್ಪ, ಯಾರ ದನಿಯೋ ಅನ್ನಿಸಿತು. ಗಿಡಾ ಕೇಳತೈತೇನ್ರಿ? ಅಂದವಳು ಸಿಟ್ಟಿನಲ್ಲೇ ಅಂದಿದ್ದಳು, ಆಮೇಲೆ ಸಿಟ್ಟು ಮೋರೆಯಿಂದ ತಾನಾಗಿ ಇಳಿಯಿತು, ಕೆಸರುಗೈ ಹಾಗೆಯೇ ಗಾಳಿಯಲ್ಲಿ ನಿಂತಿತು, ಅವನ ಕಣ್ಣನ್ನೇ ನೋಡಿದಳು, ಬಹಳ ಹೊತ್ತು, ಆಮೇಲೆ ಮೆಲ್ಲಗೆ, ತೀರ ಮೆಲ್ಲಗೆ — ನಾ ಬೇರ ತರಾಕ ಹೋದಾಗ, ಆಕಿ ನಿಮ್ಮನ್ನ ಏನರ ಕೇಳಿದ್ಲೇನ್ರಿ? ಇಲ್ಲ ಅನ್ನಬೇಕು, ಇಲ್ಲ ಅಂದರೆ ಮುಗಿಯಿತು, ಬಾಯಿ ತೆರೆದ, ನಾಲಿಗೆ ಅಂಗುಳಿಗೆ ಅಂಟಿತ್ತು, ತೊಡೆಯ ಮೇಲಿನ ಕೂಸು ಅವನ ಗಡ್ಡದತ್ತ ಕೈ ಚಾಚಿತು, ಚಾಚಿದ ಕೈ, ಗೋಡೆ ಹಿಡಿದು ಹರಿಯುವ ಕೈ, ತಂಬಿಗೆಗೆ ಇನ್ನು ನಾಲ್ಕೇ ಬೆರಳು, ಅವನು ಎದ್ದು ಆ ತಂಬಿಗೆಯನ್ನು ಎತ್ತಿ, ತುಳುಕದಂತೆ, ಎರಡೂ ಕೈಯಲ್ಲಿ ಜೋಪಾನವಾಗಿ, ದೂರ ಇಡುತ್ತಿದ್ದಾನೆ, ಮಗಳ ಕಣ್ಣು ತಂಬಿಗೆಯ ಜೊತೆ ಸರಿಯುತ್ತಿದೆ, ದೂರ ಇಡುತ್ತಿದ್ದಾನೆ, ಕಣ್ಣು ಸರಿಯುತ್ತಿದೆ, ದೂರ —