ಮೂರನೆಯವನ ಸರದಿ

ನ್ಯಾಯಾಲಯ ಫೆಬ್ರುವರಿಯಲ್ಲಿ ವುಲ್ತುರುಲ್ ಫುಟ್‌ಬಾಲ್ ಕ್ಲಬ್ಬನ್ನು ಎರಡು ಪಾಲು ಮಾಡಿತು. ಹೆಸರು, ಒಂಬತ್ತು ಲೀಗ್ ಪಟ್ಟಗಳು, ಎಂಬತ್ತೇಳರಲ್ಲಿ ಯುರೋಪನ್ನೇ ಗೆದ್ದು ತಂದ ಕಪ್ಪು, ಇವೆಲ್ಲ ಕ್ಲಬ್ ಹುಟ್ಟುಹಾಕಿದ ರೈಲುಬೋಗಿ ಕಾರ್ಖಾನೆಯವರಿಗೆ. ಈಗಿನ ಆಟಗಾರರು, ಮೈದಾನ, ಪ್ರತಿ ಭಾನುವಾರ ಬಂದು ಗಂಟಲು ಹರಿದುಕೊಳ್ಳುವ ಜನ, ಅದೆಲ್ಲ ಹೊಸ ಮಾಲೀಕನ ಕಂಪನಿಗೆ. ದೇವರು ಒಂದು ಮನೆಗೆ, ಭಕ್ತರು ಇನ್ನೊಂದು ಮನೆಗೆ ಎಂದು ಊರಿನವರು ನಕ್ಕರು.

ಸಂದಾಗೆ ನಗು ಬರಲಿಲ್ಲ. ಅವಳ ಗಂಡ ಪಾಂತೆಲಿಮೋನ್, ಎಲ್ಲರ ಬಾಯಲ್ಲಿ ಪಾಂತೆ, ಆ ಎಂಬತ್ತೇಳರ ತಂಡದ ಬಲಬದಿಯ ರಕ್ಷಕ. ಎರಡು ಚಳಿಗಾಲದ ಹಿಂದೆ ಪಾರ್ಶ್ವವಾಯು ಹೊಡೆದು ಬಲಗೈ ಹೋಗಿತ್ತು, ಮಾತು ನಾಲ್ಕೈದು ಪದಕ್ಕೆ ಇಳಿದಿತ್ತು. ವಾರ ಯಾವುದು, ಊಟ ಆಯಿತೇ ಇಲ್ಲವೇ, ಒಂದೂ ಅವನಿಗೆ ನೆನಪಿರುತ್ತಿರಲಿಲ್ಲ. ಆದರೆ ಮೇ ಆರು ಹತ್ತಿರ ಬಂತೆಂದರೆ ಹೇಗೋ ತಿಳಿದು, ಗಡ್ಡ ಸವರಿಕೊಂಡು ಅವಳ ಮುಖ ನೋಡುತ್ತಿದ್ದ.

ಅದು ಕಪ್ಪಿನ ದಿನ. ಫೈನಲ್ ಪೆನಾಲ್ಟಿಗೆ ಹೋದಾಗ ಗೋಲು ಹೊಡೆದವನು ತಾನೇ ಹೋಗಿ ಚೆಂಡು ತಂದು ಮುಂದಿನವನ ಕೈಗಿಟ್ಟಿದ್ದನಂತೆ. ಗ್ರಿಗೋರೆ ಹರಲಂಬ್‌ಗೆ, ಹರಲಂಬ್ ಪಾಂತೆಗೆ, ಪಾಂತೆ ಟಿಟುಗೆ. ನಾಲ್ಕೂ ಬಲೆಗೆ ಬಿದ್ದವು, ಐದನೆಯದು ಬೇಕಾಗಲಿಲ್ಲ. ಅಂದಿನಿಂದ ಪ್ರತಿ ವರ್ಷ ಕಪ್ಪಿಗೆ ಪ್ಲಮ್ ಸಾರಾಯಿ ಸುರಿದು ಅದೇ ವರಸೆಯಲ್ಲಿ ಕೈಯಿಂದ ಕೈಗೆ ಕೊಟ್ಟು ಕುಡಿಯುತ್ತಿದ್ದರು. ಆಮೇಲೆ ಉಳಿದವರ ಪಾಳಿ.

ಈ ಏಪ್ರಿಲ್‌ನಲ್ಲಿ ಎರಡು ಕಾಗದ ಬಂದವು. ಕಾರ್ಖಾನೆಯವರು ತಮ್ಮ ಸಭಾಂಗಣಕ್ಕೆ ಕರೆದಿದ್ದರು, ಕಂಪನಿಯವರು ಮೈದಾನಕ್ಕೆ. ದಿನ ಒಂದೇ, ಹೊತ್ತೂ ಒಂದೇ. ಎರಡರ ಕೆಳಗೂ ಸಹಿಗೆ ಜಾಗ: ನಾನು ಗೆದ್ದಿದ್ದು ಈ ಕ್ಲಬ್ಬಿಗೆ, ಇನ್ನೊಂದಕ್ಕಲ್ಲ. ಸಹಿ ಇಲ್ಲದವರಿಗೆ ಪ್ರವೇಶವಿಲ್ಲ.

"ಕಪ್ಪು ಎಲ್ಲಿದ್ಯೋ ಅಲ್ಲಿಗೆ ಹೋಗೋದಪ್ಪ," ಅಂದ ಟಿಟು, ಅಡುಗೆಮನೆಯಲ್ಲಿ ಪಾಂತೆಯ ಕೆನ್ನೆಗೆ ನೊರೆ ಹಚ್ಚುತ್ತ. ಪ್ರತಿ ಶನಿವಾರ ಬಂದು ಕ್ಷೌರ ಮಾಡುವವನು ಅವನೇ. "ಮೈದಾನದಲ್ಲಿ ಇವನಿಗೆ ಏನಿದೆ ಅತ್ತಿಗೆ? ತಗಡಿನ ನಕಲಿ ಕಪ್ಪು, ಮೈಕು, ಜಾಹೀರಾತು."

"ಹರಲಂಬ್ ನಿನ್ನೆ ಫೋನ್ ಮಾಡಿದ್ದ. ಜನ ಇರೋ ಕಡೆ ಬಾ ಅಂದ."

"ಅವನಿಗೆ ಚಪ್ಪಾಳೆ ಕೇಳದಿದ್ರೆ ಅನ್ನ ಇಳಿಯಲ್ಲ. ಮೊದಲಿಂದ್ಲೂ ಹಂಗೇ. ಲೋ ಪಾಂತೆ, ಮೂತಿ ಅಲ್ಲಾಡಿಸ್ಬೇಡ, ಮೂಗು ಹೋದೀತು."

ಟಿಟು ಹೋದ ಮೇಲೆ ಸಂದಾ ಎರಡೂ ಕಾಗದಗಳನ್ನು ಗಂಡನ ಮುಂದಿಟ್ಟಳು. "ಯಾವುದು ಹೇಳು." ಅವನು ಎಡಗೈಯನ್ನು ಅಗಲಿಸಿ ಎರಡರ ಮೇಲೂ ಇಟ್ಟು ನಕ್ಕ. ಅವಳು ಎರಡು ದಿನ ಯೋಚಿಸಿದಳು. ಯಾರು ಯಾರು ಎಲ್ಲಿಗೆ ಎಂದು ಫೋನ್ ಮಾಡಿ ವಿಚಾರಿಸಿದಳು. ಕೊನೆಗೆ ಟಿಟು ಇರುವ ಕಡೆ, ನಿಜವಾದ ಕಪ್ಪು ಇರುವ ಕಡೆ, ಅವನ ಪರವಾಗಿ ಸಹಿ ಹಾಕಿದಳು. ಮೂವತ್ತು ವರ್ಷಗಳಿಂದ ಹಿಂದಿನ ಸಾಲಿನಲ್ಲಿ ಹೆಂಡಂದಿರ ಜೊತೆ ನಿಂತು ನೋಡಿದವಳು ಅವಳು. ಆದರೂ ಯಾರ ಕೈಯಿಂದ ಯಾರ ಕೈಗೆ ಎಂಬುದು ಆಗ ಅವಳ ತಲೆಗೆ ಹೊಳೆಯಲಿಲ್ಲ.

ಸಭಾಂಗಣಕ್ಕೆ ಐದು ಮುದುಕರು ಬಂದಿದ್ದರು. ಕಾರ್ಯದರ್ಶಿ ಓಕ್ತಾವಿಯನ್ ಬಿಳಿ ಕೈಗವಸು ಹಾಕಿಕೊಂಡು ಗಾಜಿನ ಪೆಟ್ಟಿಗೆಯಿಂದ ಕಪ್ಪು ತೆಗೆದ. ಗ್ರಿಗೋರೆ ಮೊದಲು ಕುಡಿದ. ತುಟಿ ಒರೆಸಿಕೊಂಡು ಎಡಕ್ಕೆ ತಿರುಗಿದ. ಅಲ್ಲಿ ಯಾರೂ ಇರಲಿಲ್ಲ.

ಅದು ಹರಲಂಬ್‌ನ ಜಾಗ ಎಂದು ಸಂದಾಗೆ ಹೊಳೆದದ್ದು ಆಗ.

"ಮುಂದಿನವರಿಗೆ ಕೊಡಿ," ಅಂದ ಓಕ್ತಾವಿಯನ್, ಮೆಲ್ಲಗೆ.

ಗ್ರಿಗೋರೆ ಪಾಂತೆಯ ಗಾಲಿಕುರ್ಚಿಯ ಮುಂದೆ ಬಗ್ಗಿದ. ಪಾಂತೆ ಕಪ್ಪನ್ನು ನೋಡಿದ, ಗ್ರಿಗೋರೆಯನ್ನು ನೋಡಿದ, ಬೇಡವೆಂದು ತಲೆಯಾಡಿಸಿದ. ಆಮೇಲೆ ಬಾಗಿಲ ಕಡೆ ನೋಡಿದ. "ಎಲ್ಲಿ?" ಅಂದ.

"ತಗೋ ಪಾಂತೆ. ಒಂದೇ ಗುಟುಕು," ಸಂದಾ ಅವನ ಪಕ್ಕ ಕೂತು ಹೇಳಿದಳು.

"ಎಲ್ಲಿ?"

"ಇವನು ಕುಡೀದೆ ನಾನು ಹೆಂಗೆ ಕುಡೀಲಿ," ಅಂದ ಟಿಟು, ಯಾರಿಗೂ ಅಲ್ಲದಂತೆ.

ಅವಳು ಮೂಲೆಗೆ ಹೋಗಿ ಹರಲಂಬ್‌ಗೆ ಫೋನ್ ಮಾಡಿದಳು. ಹಿಂದೆ ಡೋಲು, ಕೂಗು.

"ನಾನೂ ಕುಡಿದಿಲ್ಲ ಅತ್ತಿಗೆ," ಅಂದ ಹರಲಂಬ್. "ಗ್ರಿಗೋರೆ ಅಲ್ಲಿ ಅವ್ನೆ. ನನಗೆ ಯಾರು ಕೊಡ್ತಾರೆ? ಕೈಗೆ ಮೈಕು ಕೊಟ್ಟವ್ರೆ, ಅದನ್ನೇ ಹಿಡ್ಕೊಂಡು ನಿಂತಿದೀನಿ."

"ಇಲ್ಲಿಗೆ ಬಂದ್ಬಿಡು. ಇಪ್ಪತ್ತು ನಿಮಿಷದ ದಾರಿ. ಕಾಯ್ತೀವಿ."

"ಈ ಕಡೆ ಸಹಿ ಹಾಕಿ ಆ ಕಡೆ ಹೆಂಗೆ ಬರಲಿ? ನಿಮ್ಮ ಗೇಟಲ್ಲಿ ನನ್ನ ಹೆಸರು ಅಂಟಿಸವ್ರಂತೆ, ಕಳ್ಳನ ಹೆಸರು ಅಂಟಿಸಿದಂಗೆ."

ಅವಳು ಓಕ್ತಾವಿಯನ್ ಕಡೆ ತಿರುಗಿದಳು. "ಕಪ್ಪನ್ನ ಗೇಟಿನ ತನಕ ತರಬಹುದಾ? ಹರಲಂಬ್ ರಸ್ತೇಲೇ ಇವನ ಕೈಗೆ ಕೊಡ್ತಾನೆ."

"ಹೊಸ್ತಿಲು ದಾಟಿಸೋ ಹಾಗಿಲ್ಲಮ್ಮ. ವಕೀಲರು ಬರೆದುಕೊಟ್ಟಿದ್ದಾರೆ. ನನಗೇನು ಬೇಡ ಅಂತಲಾ?" ಅವನ ಕಣ್ಣು ಕೆಂಪಾಗಿತ್ತು. ಅವನ ಮೇಲೆ ಸಿಟ್ಟು ಮಾಡಿಕೊಳ್ಳಲೂ ಆಗದೆ ಅವಳು ಫೋನನ್ನು ಗಂಡನ ಕಿವಿಗೆ ಹಿಡಿದಳು.

"ಲೋ ಪಾಂತೆ," ಹರಲಂಬ್‌ನ ಧ್ವನಿ ಹೊರಗೂ ಕೇಳಿಸುತ್ತಿತ್ತು. "ಕುಡಿಯೋ ಮಾರಾಯ. ನಾನೇ ಕೊಟ್ಟೆ ಅನ್ಕೋ."

ಪಾಂತೆಯ ಮುಖ ಅರಳಿತು. ಅಷ್ಟು ಹೊತ್ತು ತೊಡೆಯ ಮೇಲೆ ಬಿದ್ದಿದ್ದ ಎಡಗೈ ಎದ್ದಿತು. ಕೈ ಕಪ್ಪಿನ ಕಡೆ ಬರಲಿಲ್ಲ. ಬಾಗಿಲ ಕಡೆ ಚಾಚಿ ನಿಂತಿತು, ಅಂಗೈ ಮೇಲೆ ಮಾಡಿ. ಧ್ವನಿ ಬಂತಲ್ಲ, ಆಳು ಇನ್ನೇನು ಬಂದೇಬಿಡುತ್ತಾನೆ.

"ಬರಲ್ಲ ಪಾಂತೆ. ಅವನು ಬರಲ್ಲ," ಅಂದಳು. ಅವನು ಅವಳನ್ನು ನೋಡಿ ನಕ್ಕು ಮತ್ತೆ ಬಾಗಿಲಿಗೆ ಕಣ್ಣು ನೆಟ್ಟ.

ಓಕ್ತಾವಿಯನ್ ಇನ್ನೂ ಸ್ವಲ್ಪ ಹೊತ್ತು ಕಾದ. ಆಮೇಲೆ ಗ್ರಿಗೋರೆಯ ಕೈಯಿಂದ ಕಪ್ಪು ತೆಗೆದುಕೊಂಡು, ಒಳಗಿದ್ದ ಸಾರಾಯಿಯನ್ನು ಏನು ಮಾಡಬೇಕೆಂದು ತಿಳಿಯದೆ ಹಾಗೇ ಹಿಡಿದು ನಿಂತ.

"ಕೈ ಸೋತುಹೋಗುತ್ತೆ, ಇಳಿಸು ಅತ್ತಿಗೆ," ಅಂದ ಟಿಟು.

ಅವಳು ಇಳಿಸಲು ನೋಡಿದಳು. ಗೋಡೆಗೆ ಬಡಿದ ಗೂಟದಂತೆ ಇತ್ತು ಆ ಕೈ. ಸ್ವಲ್ಪದರಲ್ಲೇ ಬೆರಳುಗಳು ನಡುಗತೊಡಗಿದವು. ಬೇರೇನೂ ತೋಚದೆ ಅವಳು ಅವನ ಮೊಣಕೈ ಕೆಳಗೆ ತನ್ನ ಅಂಗೈ ಕೊಟ್ಟು, ಅದು ಬೀಳದಂತೆ ಹಿಡಿದುಕೊಂಡು ನಿಂತಳು.