ಪ್ರಾರ್ಥನೆಗೆ ಕೊಟ್ಟ ಹೆಸರು

ತೆರೆಸಾಳಿಗೆ ಆ ಸಂಜೆ ಒಬ್ಬರ ಮುಖವೂ ಬೇಡವಾಗಿತ್ತು, ಆದರೂ ಹಾಲ್ ತುಂಬ ಜನರಿಗೆ ಅವಳೇ ಚಾ ಇಡಬೇಕಾಗಿತ್ತು. ಅಬುಧಾಬಿಯ ಎಲೆಕ್ಟ್ರಾ ಸ್ಟ್ರೀಟಿನ ಹಿಂದೆ, ಹಳೆಯ ಕಟ್ಟಡದಲ್ಲಿ ಅವಳ ಮನೆ. ಮಂಗಳೂರು ಕಡೆಯ ಕೊಂಕಣಿ ಕ್ರೈಸ್ತರ ಪ್ರಾರ್ಥನಾಕೂಟ ವಾರಕ್ಕೊಂದು ಮನೆಗೆ ಹೋಗುತ್ತದೆ, ಜಪಸರ ಹಿಡಿದು ತೇರ್ಸು ಹೇಳುತ್ತದೆ, ಚಾ ಕುಡಿದು ಎದ್ದು ಬರುತ್ತದೆ. ಈ ವಾರ ತೆರೆಸಾಳ ಸರದಿ. ಈ ಸಲ ಬೇಡ, ಮುಂದಿನ ವಾರ ಇಟ್ಟುಕೊಳ್ಳುವಾ ಎಂದು ಅವಳು ಫೋನು ಮಾಡಿಯೂ ಆಗಿತ್ತು. "ಈ ವಾರವೇ ಅಲ್ವಾ ಮಾರಾಯ್ತಿ ನಿಮ್ಮ ಮನೆಗೆ ಬರಬೇಕಾದ್ದು" ಎಂದಿದ್ದಳು ವೆಲಿಟಾ.

ಈ ವೆಲಿಟಾ ಅಂದರೆ ಕೂಟದ ಮುಂದಾಳು. ಮಾತು ಸಕ್ಕರೆ ಪಾಕ. ಅವಳ ಹಾಗೆ ಕಣ್ಣು ಮುಚ್ಚಿ, ಸ್ವರ ನಡುಗಿಸಿ ಪ್ರಾರ್ಥನೆ ಮಾಡುವವರು ಊರಲ್ಲೂ ಇಲ್ಲ, ಗಲ್ಫಿನಲ್ಲೂ ಇಲ್ಲ. ಎಲ್ಲ ಕೆಟ್ಟದ್ದೂ ಆ ಸ್ವರದಿಂದಲೇ ಆದದ್ದು.

ಇರಲಿ, ಮೊದಲಿನಿಂದ ಹೇಳುವಾ. ತೆರೆಸಾಳ ಮಗ ಶಾನ್ ಹನ್ನೆರಡನೆಯ ಕ್ಲಾಸು, ಊರ ಹೊರಗಿನ ಒಂದು ಇಂಡಿಯನ್ ಸ್ಕೂಲಿನಲ್ಲಿ. ಹೋದ ವರ್ಷದಿಂದಲೇ ಹುಡುಗರು ಅವನ ಬೆನ್ನು ಹತ್ತಿದ್ದರು. ನಡೆದರೆ ಶಿಳ್ಳೆ, ಮಾತಾಡಿದರೆ ಅಣಕ, ಡೆಸ್ಕಿನ ಮೇಲೆ ಮಾರ್ಕರಿನಲ್ಲಿ ಹೊಲಸು ಮಾತು. ಟೀಚರುಗಳಿಗೆ ಕಣ್ಣಿರಲಿಲ್ಲವೇ ಎಂದು ಕೇಳಬೇಡಿ. ಇತ್ತು, ಚೆನ್ನಾಗಿಯೇ ಇತ್ತು. ಪಿ.ಟಿ. ಸಾರ್ ಅಂತೂ "ಸ್ವಲ್ಪ ಗಂಡಸಿನ ಹಾಗೆ ಓಡು" ಎಂದು ತಾನೇ ಮೊದಲು ನಕ್ಕು, ಉಳಿದವರಿಗೆ ನಗಲು ಪರ್ಮಿಶನ್ ಕೊಡುತ್ತಿದ್ದ. ಅಂಥವನಿಗೆ ತಿಂಗಳು ತಿಂಗಳು ಸಂಬಳ ಬೇರೆ.

ಒಂದು ದಿನ ಶಾನ್ ತುಟಿ ಒಡೆದುಕೊಂಡು ಬಂದ. ತೆರೆಸಾ ಕ್ಲಿನಿಕ್ಕಿನಲ್ಲಿ ನರ್ಸು. ಹತ್ತಿಯಲ್ಲಿ ರಕ್ತ ಒರೆಸುತ್ತಾ, ಯಾಕೆ ಹೊಡೆದರು ಪುತಾ ಎಂದು ಕೇಳಿದಳು. ಅವನು ಎದ್ದು ಬಾಗಿಲು ಹಾಕಿ ಬಂದು ಕೂತ. ಆಮೇಲೆ ಹೇಳಿದ.

"ಅವರು ನನ್ನನ್ನು ಎಂತ ಕರೀತಾರೋ ಅದು ನಿಜ ಮಮ್ಮಿ. ಐ ಆಮ್ ಗೇ. ಬೇರೆ ಯಾರಿಗೂ ಹೇಳಲಿಲ್ಲ. ಡ್ಯಾಡಿಗೂ ಈಗ ಬೇಡ."

ತೆರೆಸಾಳಿಗೆ ಹೆದರಿಕೆಯಾಯಿತು, ಸುಳ್ಳು ಯಾಕೆ ಹೇಳಲಿ. ಆದರೆ ಕೈ ಮಾತ್ರ ಅವನ ತಲೆ ಸವರಿತು. "ನೀನು ನನ್ನ ಮಗ. ಅಷ್ಟೇ ನನಗೆ ಗೊತ್ತಿರುವುದು" ಎಂದಳು. ಹುಡುಗ ಆ ದಿನ ಎಷ್ಟೋ ಸಮಯದ ಮೇಲೆ ಹೊಟ್ಟೆ ತುಂಬ ಉಂಡ.

ತೆರೆಸಾ ಅಷ್ಟಕ್ಕೇ ಬಾಯಿ ಮುಚ್ಚಿಕೊಂಡಿದ್ದರೆ ಚೆನ್ನಾಗಿತ್ತು. ಆದರೆ ಈ ಕೂಟದವರಲ್ಲೊಂದು ರೂಢಿ ಉಂಟು. ವೀಸಾ ತಡವಾಗಲಿ, ಬಸಿರು ನಿಲ್ಲದಿರಲಿ, ಗಂಡ ಕುಡಿಯಲಿ, ಅದನ್ನು 'ಪ್ರಾರ್ಥನೆಗೆ ಕೊಡುವುದು'. ಡಾಕ್ಟರಿಗೆ ಹೇಳಿದ್ದು ಹೊರಗೆ ಬಿದ್ದೀತು, ಪ್ರಾರ್ಥನೆಗೆ ಕೊಟ್ಟದ್ದು ದೇವರ ಕಿವಿಗೆ ಮಾತ್ರ ಎಂದು ನಂಬಿಕೆ. ಶುಕ್ರವಾರ ಬಲಿಪೂಜೆ ಮುಗಿಸಿ ಚರ್ಚಿನ ಅಂಗಳದಲ್ಲಿ ನಿಂತಿದ್ದಾಗ ವೆಲಿಟಾ ಬಂದು ಕೈ ಹಿಡಿದಳು. ಮುಖ ಯಾಕೆ ಬಾಡಿದೆ ತೆರೆಸಾಕ್ಕ ಎಂದಳು. ತೆರೆಸಾ ಶಾನ್‌ನ ಹೆಸರನ್ನು ಪ್ರಾರ್ಥನೆಗೆ ಕೊಟ್ಟಳು. ಸ್ಕೂಲಿನಲ್ಲಿ ಹೊಡೆಯುತ್ತಾರೆ ಎಂದಳು. ಯಾಕೆ, ಯಾಕೆ ಎಂದು ವೆಲಿಟಾ ಮೆಲ್ಲ ಮೆಲ್ಲ ಕೆದಕಿದಳು. ಕೆದಕಿದ ಹಾಗೆ ಎಲ್ಲವೂ ಹೊರಗೆ ಬಂತು.

ಆ ಸಂಜೆಯೇ ವೆಲಿಟಾ ಕೂಟದ ವಾಟ್ಸಾಪ್ ಗ್ರೂಪಿಗೆ ವಾಯ್ಸ್ ಮೆಸೇಜ್ ಬಿಟ್ಟಳು. ಕಣ್ಣು ಮುಚ್ಚಿಯೇ ಬಿಟ್ಟಿರಬೇಕು. ತೆರೆಸಾಕ್ಕನ ಮಗ ಶಾನ್‌ಗೆ ಗಂಡು ಹುಡುಗರ ಮೇಲೆ ಆಸೆ ಹುಟ್ಟಿದೆ, ಈ ಸೈತಾನನ ಬಂಧನದಿಂದ ಅವನನ್ನು ಬಿಡಿಸಲು ಎಲ್ಲರೂ ಮೊಣಕಾಲೂರಿ ಎಂದು, ಸ್ವರ ನಡುಗಿಸಿ, ಇಂಪಾಗಿ. ತೆರೆಸಾ ಅದನ್ನು ಕೇಳಿ ಫೋನು ಮಾಡುವಷ್ಟರಲ್ಲಿ ಅದು ಗ್ರೂಪಿನಿಂದ ಗ್ರೂಪಿಗೆ ಹಾರಿ ಆಗಿತ್ತು. "ಪ್ರಾರ್ಥನೆಗಾಗಿ ಅಲ್ವಾ ಹೇಳಿದ್ದು, ಚಾಡಿ ಅಲ್ವಲ್ಲ" ಎಂದಳು ವೆಲಿಟಾ. ತಪ್ಪು ಮಾಡಿದವಳ ಸ್ವರವೇ ಅಲ್ಲ ಅದು. ಶನಿವಾರವಿಡೀ ತೆರೆಸಾ ಮಗನ ಮುಖ ನೋಡಿದಳು, ಹೇಳುವ ಧೈರ್ಯ ಬರಲಿಲ್ಲ.

ವೆಲಿಟಾಳ ಮಗ ಸೆಡ್ರಿಕ್, ಶಾನ್‌ನದೇ ಕ್ಲಾಸು. ಭಾನುವಾರ ಬೆಳಿಗ್ಗೆ ಸ್ಕೂಲ್ ಬಸ್ಸಿನಲ್ಲಿ ಅವನು ತನ್ನ ತಾಯಿಯ ಸ್ವರವನ್ನು ಫುಲ್ ವಾಲ್ಯೂಮಿನಲ್ಲಿ ಹಾಕಿದ. ಬ್ರೇಕಿನಲ್ಲಿ ಹುಡುಗರು ಶಾನ್‌ನನ್ನು ಹಿಡಿದು ಮೊಣಕಾಲ ಮೇಲೆ ಕೂರಿಸಿದರು, ಸುತ್ತ ನಿಂತು ಶಿಲುಬೆಯ ಗುರುತು ಮಾಡಿದರು, ಪವಿತ್ರ ಜಲ ಎಂದು ಬಾಟಲಿ ನೀರನ್ನು ತಲೆಗೆ ಹೊಯ್ದರು. ಸೈತಾನ್ ಹೊರಗೆ ಬಾ ಎಂದು ಕೂಗಿದರು. ಯಾವ ಜಾತಿಯ, ಯಾವ ಭಾಷೆಯ ಹುಡುಗರು ಎಂದು ಕೇಳಿದರೆ ಎಲ್ಲ ಜಾತಿಯವರೂ ಇದ್ದರು. ಬೇರೆ ದಿನ ಲಂಚ್ ಬಾಕ್ಸು ಕೂಡ ಹಂಚಿಕೊಳ್ಳದವರಿಗೆ ಇದಕ್ಕೆ ಮಾತ್ರ ಒಗ್ಗಟ್ಟು.

ಸ್ಕೂಲಿನಿಂದ ತೆರೆಸಾಳಿಗೆ ಕರೆ ಬಂತು. ಡ್ಯೂಟಿ ಬಿಟ್ಟು, ಟ್ಯಾಕ್ಸಿ ಹಿಡಿದು ಓಡಿದಳು. ಸೂಪರ್‌ವೈಸರ್ ಸುಸನ್ ಮೇಡಂ ಎದುರು ಕುರ್ಚಿ ತೋರಿಸಿ, ತಣ್ಣಗೆ ಮಾತಾಡಿದರು. ಶಾನ್ ಇನ್ನು ಮನೆಯಲ್ಲೇ ಓದಲಿ, ಬೋರ್ಡ್ ಎಕ್ಸಾಮಿಗೆ ಮಾತ್ರ ಬರಲಿ, ಅವನ ಸೇಫ್ಟಿಗೇ ಹೇಳುವುದು ಎಂದರು.

"ಹೊಡೆದವರು?" ಎಂದಳು ತೆರೆಸಾ.

"ಸೆಡ್ರಿಕ್ ಮತ್ತು ಉಳಿದ ಹುಡುಗರು, ತಮಾಷೆಗೆ ಮಾಡಿದ್ದು. ನೋಡಿ, ಇದು ಯಾವ ದೇಶ ಅಂತ ನಿಮಗೆ ಗೊತ್ತುಂಟು. ಹುಡುಗರು ಅವನನ್ನು ಕರೆದ ಆ ಪದ ಈ ಆಫೀಸಿನಿಂದ ಹೊರಗೆ ಹೋದರೆ ನಿಮ್ಮ ವೀಸಾ ಏನಾಗ್ತದೆ ಅಂತಲೂ ಗೊತ್ತುಂಟು. ನಾವು ಸುಮ್ಮನಿರುವುದೇ ನಿಮಗೆ ಉಪಕಾರ."

ಹೇಗಿದೆ ನೋಡಿ ನ್ಯಾಯ. ಪೆಟ್ಟು ತಿಂದವನು ಮನೆಗೆ, ಪೆಟ್ಟು ಕೊಟ್ಟವರು ಕ್ಲಾಸಿಗೆ, ಅದರ ಮೇಲೆ ಉಪಕಾರ ಬೇರೆ ಹೊರಬೇಕು. ಆದರೆ ವೀಸಾ ಎಂಬ ಮಾತು ಬಿದ್ದ ಮೇಲೆ ಗಲ್ಫಿನಲ್ಲಿ ಯಾರ ಬಾಯಿ ತಾನೇ ಏಳುತ್ತದೆ. ಹೊರಗೆ ಒದ್ದೆ ಶರ್ಟಿನಲ್ಲಿ ಕೂತಿದ್ದ ಮಗನನ್ನು ಕರಕೊಂಡು ಬಂದಳು. ಅವನು ಮನೆಗೆ ಬಂದು ರೂಮಿನ ಬಾಗಿಲು ಹಾಕಿಕೊಂಡ.

ಅದೇ ಸಂಜೆ ಈ ತೇರ್ಸು.

ಎಲ್ಲರೂ ಬಂದರು, ಯಾವ ವಾರಕ್ಕಿಂತಲೂ ಹೆಚ್ಚೇ. ಜಮಖಾನೆಯ ಮೇಲೆ ಒತ್ತಿಕೊಂಡು ಕೂತರು. ಬಾಯಲ್ಲಿ ನಮೋ ಮರಿಯೆ ಜಪ, ಕಣ್ಣು ಮಾತ್ರ ಶಾನ್‌ನ ಬಾಗಿಲ ಮೇಲೆ. ತೆರೆಸಾಳ ಗಂಡ ವಿಕ್ಟರ್, ಹೋಟೆಲಿನ ಸ್ಟೋರ್ ಕೀಪರ್, ಮೂಲೆಯಲ್ಲಿ ತಲೆ ತಗ್ಗಿಸಿ ಕೂತಿದ್ದ. ಅವನಿಗೂ ವಿಷಯ ಆ ಮೆಸೇಜಿನಿಂದಲೇ ಗೊತ್ತಾದದ್ದು.

ತೇರ್ಸಿನಲ್ಲಿ ಹತ್ತು ಹತ್ತು ನಮೋ ಮರಿಯೆಗೆ ಒಂದು ಭಾಗ. ಪ್ರತಿ ಭಾಗಕ್ಕೂ ಮುಂಚೆ ಒಬ್ಬರು ತಮ್ಮ ಕೋರಿಕೆ ಹೇಳಬೇಕು. ವೆಲಿಟಾ ಕಣ್ಣು ಮುಚ್ಚಿದಳು. "ಊರಿನ ಧ್ಯಾನಕೇಂದ್ರಕ್ಕೆ ಹೋಗುವ ನಮ್ಮ ಶಾನ್‌ಗಾಗಿ" ಎಂದಳು. "ಅಲ್ಲಿ ಸೈತಾನ ಬಿಡಿಸುವ ಬ್ರದರ್ ಹತ್ತಿರ ಮಾತಾಡಿ ಆಗಿದೆ. ಗುರುವಾರದ ಫ್ಲೈಟಿಗೆ ವಿಕ್ಟರಣ್ಣ ಟಿಕೆಟ್ ಮಾಡಿದ್ದಾರೆ. ಗುಣ ಆಗುವವರೆಗೆ ಅವನು ಅಲ್ಲೇ ಇರಲಿ."

ತೆರೆಸಾ ಗಂಡನ ಕಡೆ ತಿರುಗಿದಳು. ಅವನು ಜಪಸರದ ಮಣಿ ಎಣಿಸುವವನ ಹಾಗೆ ಮಾಡಿದ. ಪರೀಕ್ಷೆ ಹೋಯಿತು, ಸ್ಕೂಲು ಹೋಯಿತು, ಈಗ ಮಗನೇ ಮನೆಯಿಂದ ಹೋಗುತ್ತಾನೆ, ಅದನ್ನು ಹೆತ್ತವಳು ತನ್ನದೇ ಹಾಲಿನಲ್ಲಿ ಹೆರವರ ಬಾಯಿಂದ ಕೇಳಬೇಕು.

ಮುಂದಿನ ಕೋರಿಕೆ ಮನೆಯವಳದು. ತೆರೆಸಾ ಎದ್ದು ನಿಂತಳು.

"ನಾನೂ ಹೆಸರು ಹಿಡಿದೇ ಹೇಳುತ್ತೇನೆ, ನಮ್ಮಲ್ಲಿ ರೂಢಿ ಹಾಗೇ ಅಲ್ವಾ. ಸೆಡ್ರಿಕ್‌ಗಾಗಿ ಪ್ರಾರ್ಥಿಸಿ. ನನ್ನ ಮಗನನ್ನು ಇವತ್ತು ನೆಲಕ್ಕೆ ಕೂರಿಸಿ ನೀರು ಹೊಯ್ಯಿಸಿದ್ದು ಅವನು. ಅವನಿಗೆ ಯಾವ ಧ್ಯಾನಕೇಂದ್ರ ವೆಲಿಟಾ? ಅವನ ಟಿಕೆಟ್ ಯಾವಾಗ? ಆಮೇಲೆ ವೆಲಿಟಾಳ ನಾಲಗೆಗಾಗಿ ಪ್ರಾರ್ಥಿಸಿ. ಅದನ್ನು ಕೇಳಿ, ಫಾರ್ವರ್ಡ್ ಮಾಡಿ, ಇವತ್ತು ಇಲ್ಲಿ ಚಾ ಕುಡಿಯಲು ಬಂದವರಿಗಾಗಿ ಪ್ರಾರ್ಥಿಸಿ. ವಿಕ್ಟರನ ಬೆನ್ನೆಲುಬಿಗಾಗಿಯೂ ಒಂದು ಹೇಳಿ, ಅದು ಎಲ್ಲೋ ಬಿದ್ದು ಹೋಗಿದೆ."

"ತೆರೆಸಾಕ್ಕ, ಮರಿಯಾ ಮಾತೆಯ ಮುಂದೆ ಹೀಗೆ..." ಎಂದಳು ವೆಲಿಟಾ.

"ಮಾತೆಯೂ ಒಬ್ಬ ಮಗನನ್ನು ಹೆತ್ತವಳೇ. ಅವಳಿಗೆ ಅರ್ಥ ಆಗ್ತದೆ, ನಿಮಗೇ ಆಗುವುದಿಲ್ಲ. ಖಲಾಸ್. ಯಲ್ಲಾ, ಎಲ್ಲರೂ ಹೊರಡಿ. ಚಾ ಇಲ್ಲ."

ಒಬ್ಬೊಬ್ಬರೇ ಎದ್ದರು. ಬಾಗಿಲ ಬಳಿ ಚಪ್ಪಲಿ ಹುಡುಕುವಾಗಲೇ ಗುಸುಗುಸು ಶುರುವಾಯಿತು, ಲಿಫ್ಟಿನಲ್ಲಿ ಅದು ಜೋರಾಯಿತು. ಕೊನೆಯವರು ಹೋದ ಮೇಲೆ ವಿಕ್ಟರ್ ಬಾಯಿ ತೆರೆದ. ಜನ ಏನು ಹೇಳಿಯಾರು, ಕೆಲಸ ಹೋದರೆ ಏನು ಗತಿ ಎಂದ. ತೆರೆಸಾ ಅವನ ಮುಖ ನೋಡಿಯೇ ಹೇಳಿದಳು, "ಟಿಕೆಟ್ ಕ್ಯಾನ್ಸಲ್ ಮಾಡು. ಇಲ್ಲದಿದ್ದರೆ ಆ ಸೀಟಿನಲ್ಲಿ ನೀನೇ ಹೋಗು." ಅವಳು ಹಾಗೆ ಮಾತಾಡಿದ್ದನ್ನು ಅವನು ಮದುವೆಯಾದಂದಿನಿಂದ ಕೇಳಿರಲಿಲ್ಲ. ಫೋನು ಹಿಡಿದು ಬಾಲ್ಕನಿಗೆ ಹೋದ.

ತೆರೆಸಾ ಶಾನ್‌ನ ಬಾಗಿಲು ತಟ್ಟಿದಳು. ಮನಸ್ಸು ಹಗುರವಾಗಿತ್ತು. ಮಗ ಬಂದು ತಬ್ಬಿಕೊಳ್ಳುತ್ತಾನೆ ಎಂದೇ ಅಂದುಕೊಂಡಿದ್ದಳು. ಅವನು ಮಂಚದ ತುದಿಯಲ್ಲಿ ಕೂತಿದ್ದ, ಏಳಲಿಲ್ಲ.

"ಎಲ್ಲರಿಗೂ ಬೈದೆ ಮಮ್ಮಿ" ಎಂದ. "ಒಬ್ಬರನ್ನು ಬಿಟ್ಟು."

ಅವಳು ಬಾಗಿಲು ಮುಚ್ಚಿ ಅವನ ಎದುರು ನೆಲದ ಮೇಲೆ ಕೂತಳು.

"ವೆಲಿಟಾ ಆಂಟಿ ನಿನ್ನ ಹೆಸರು ಹೇಳಿದ್ದಾರೆ ಆ ಮೆಸೇಜಿನಲ್ಲಿ. ನಾನು ನಿನಗೆ ಮಾತ್ರ ಹೇಳಿದ್ದಲ್ವಾ. ನಿನ್ನೆಯಿಡೀ ನೀನು ನನ್ನ ಮುಖ ನೋಡ್ತಾ ಇದ್ದಿ, ನನಗೆ ಅರ್ಥ ಆಗ್ಲಿಲ್ಲ. ಬಸ್ಸಿನಲ್ಲಿ ಅರ್ಥ ಆಯ್ತು. ಅಟ್ ಲೀಸ್ಟ್ ಹೇಳಿದ್ದರೆ ನಾನು ಇವತ್ತು ಬಸ್ಸು ಹತ್ತುತ್ತಿರಲಿಲ್ಲ."

"ಪ್ರಾರ್ಥನೆಗಾಗಿ ಪುತಾ..." ಎಂದು ಶುರುಮಾಡಿದವಳು ನಾಲಗೆ ಕಚ್ಚಿಕೊಂಡಳು. ಅದು ವೆಲಿಟಾ ಆಡಿದ ಮಾತು. ಅವಳಿಗೆ ತನ್ನ ಮೇಲೆಯೇ ಹೇಸಿಗೆ ಬಂತು. "ನಾನೇ ಹೇಳಿದ್ದು" ಎಂದಳು. "ನಾನು ಹೇಳಬಾರದಿತ್ತು. ಹೇಳಿದ ಮೇಲೆ ನಿನ್ನಿಂದ ಮುಚ್ಚಿಡಬಾರದಿತ್ತು."

"ನಾಳೆ ನಾನು ಸ್ಕೂಲಿಗೆ ಹೋಗ್ತೇನೆ. ಬೇಕಾದ್ರೆ ಗೇಟಿನಲ್ಲಿ ನಿಲ್ಲಿಸಲಿ."

"ನಾನೂ ಬರ್ತೇನೆ. ಆ ಸುಸನ್ ಮೇಡಂ ನನ್ನನ್ನೂ ನಿಲ್ಲಿಸಲಿ, ನೋಡುವಾ."

ಶಾನ್ ಬೇಡವೆನ್ನಲಿಲ್ಲ. ಮತ್ತೆ ಹೇಳಿದ, "ನೀರು ಹೊಯ್ದವನು ಸೆಡ್ರಿಕ್ ಅಲ್ಲ. ಬಾಟಲಿಯನ್ನು ಬೇರೊಬ್ಬನ ಕೈಗೆ ಕೊಟ್ಟರು. ಅವನೂ ನನ್ನ ಹಾಗೇ ಮಮ್ಮಿ. ಹೊಯ್ಯದಿದ್ದರೆ ಅವನನ್ನೂ ಹಿಡೀತಿದ್ರು. ಅವನಿಗೆ ಹೇಳಿಕೊಳ್ಳಲು ಮನೆಯಲ್ಲಿ ಯಾರೂ ಇಲ್ಲ. ಅವನನ್ನು ನಿನ್ನ ಹತ್ತಿರ ಕರಕೊಂಡು ಬರಬೇಕು ಅಂತ ಇದ್ದೆ. ಮೈ ಮಮ್ಮಿ ಈಸ್ ಓಕೆ, ಅವಳ ಹತ್ತಿರ ಮಾತಾಡ್ಬಹುದು ಅಂತ ಅವನಿಗೆ ಹೇಳಿಯೂ ಆಗಿತ್ತು."

ಯಾರವನು ಎಂಬ ಮಾತು ತೆರೆಸಾಳ ಬಾಯಿಯವರೆಗೆ ಬಂತು. ಎಲ್ಲ ತಾಯಂದಿರ ಬಾಯಿಗೂ ಬರುವ ಮಾತೇ. ಅವಳು ಅದನ್ನು ನುಂಗಿದಳು.

"ಅವನ ಹೆಸರು ಹೇಳಬೇಡ" ಎಂದಳು. "ನನಗೂ ಹೇಳಬೇಡ."

"ಹೇಳುವುದಿಲ್ಲ" ಎಂದ ಶಾನ್.